ಬೆರಳಿಗೊಂದು ಹೆಸರು

"ಕೊಡಂಬಲಕ್ಕೂ ಗಿಟಾರಿಗೂ ಏನ್ರಿ ಸಂಬಂಧ?" ಎಂದು ಕೇಳುವವರು ಇದ್ದಾರೆ. ಕೇಳಲಿ. ಕೇಳುವವರಲ್ಲಿ ಎರಡು ಥರ. ಒಂದು, ದಲಿತರ ಹುಡುಗರು ಹಲಗೆ ಬಿಟ್ಟು ಬೇರೆ ವಾದ್ಯ ಮುಟ್ಟಿದರೆ ಹೊಟ್ಟೆ ಉರಿಸಿಕೊಳ್ಳುವವರು. ಇನ್ನೊಂದು, ನಮ್ಮದೇ ಗೆಳೆಯರು. ಅಮೆರಿಕದ ಹಾಡು ಕೇಳುವುದು ಚಳವಳಿಯವರ ಕೆಲಸವಲ್ಲ ಎಂದು ನಂಬಿದವರು. ಮೊದಲನೆಯವರಿಗೆ ಉತ್ತರ ಕೊಡುವ ಹಂಗು ನಮಗಿಲ್ಲ. ಈ ಬರಹ ಎರಡನೆಯವರಿಗೆ.

ಗೆಳೆಯರೆ, ಹುಮನಾಬಾದ್, ಬಸವಕಲ್ಯಾಣದ ಈ ಸೀಮೆಯಲ್ಲಿ ಒಂದೇ ಬಾಯಲ್ಲಿ ನಾಲ್ಕು ಭಾಷೆ ಓಡಾಡುತ್ತವೆ. ಅವ್ವನ ಸಂಗಡ ಕನ್ನಡ, ಬಾಜಾರದಲ್ಲಿ ದಖನಿ, ಏಪ್ರಿಲ್ 14ಕ್ಕೆ ಭೀಮಗೀತೆಗಳ ಮರಾಠಿ, ಕೂಲಿಗೆಂದು ಹೈದರಾಬಾದಿಗೆ ಹೋದರೆ ತೆಲುಗು. 1948ರ ತನಕ ನಿಜಾಮನ ರಾಜ್ಯ, 1956ರಿಂದ ಕನ್ನಡದ ರಾಜ್ಯ. ಇಂಥಲ್ಲಿ ಬೆಳೆದ ಕಿವಿಗೆ ಪರಭಾಷೆಯ ಹಾಡೆಂದರೆ ಅಂಜಿಕೆಯಿಲ್ಲ. ಗಿಟಾರು ಕೂಡ ನಮಗೆ ಬೆಂಗಳೂರಿನ ಕಾಲೇಜುಗಳಿಂದ ಬಂದದ್ದಲ್ಲ. ಬೀದರ ಜಿಲ್ಲೆಯಲ್ಲಿ ಮೆಥಡಿಸ್ಟ್ ಚರ್ಚು ನೂರು ವರ್ಷಕ್ಕೂ ಹಳೆಯದು. ಅದರೊಳಗೆ ಕೂತವರು ಹೆಚ್ಚಾಗಿ ನಮ್ಮಂಥ ಕೇರಿಗಳ ಮಂದಿಯೇ. ಕ್ರಿಸ್‌ಮಸ್ಸಿಗೆ ಢೋಲಕಿನ ಪಕ್ಕ ಗಿಟಾರು ಕೂತಿದ್ದನ್ನು ನಾವು ಸಣ್ಣವರಿದ್ದಾಗಲೇ ನೋಡಿದ್ದೇವೆ. ಆಮೇಲೆ 2016ರ ಹೊತ್ತಿಗೆ ಮೊಬೈಲಿನ ಡೇಟಾ ಅಗ್ಗವಾಯಿತು. ಕಲಬುರಗಿಯ ಹಾಸ್ಟೆಲಿನಲ್ಲಿ ನಾಲ್ಕು ಜನಕ್ಕೆ ಒಂದು ಇಯರ್‌ಫೋನು. ಅದರೊಳಗಿಂದ ಮಿಸಿಸಿಪ್ಪಿಯ ಹತ್ತಿ ಹೊಲ ಬಂತು.

ಆ ನಂಟು ಹಳೆಯದೇ. ಬಾಬಾಸಾಹೇಬರು 1913ರಿಂದ 1916ರ ತನಕ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು. 1946ರಲ್ಲಿ ಕಪ್ಪು ಜನರ ಚಿಂತಕ ಡು ಬೊಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ಅಲ್ಲಿನ ಬ್ಲ್ಯಾಕ್ ಪ್ಯಾಂಥರರ ಹೆಸರು ನೋಡಿಯೇ ದಲಿತ್ ಪ್ಯಾಂಥರ್ ಎಂದು ಹೆಸರಿಟ್ಟರು. ಅವರ ಪುಸ್ತಕ ಓದಿದ್ದೇವೆ, ಹೋರಾಟ ಓದಿದ್ದೇವೆ. ಅವರ ಬೆರಳನ್ನು ಮಾತ್ರ ಓದಿಲ್ಲ.

ಬೆರಳು ಎಂದು ಯಾಕೆ ಹೇಳುತ್ತಿದ್ದೇವೆಂದರೆ, ಈ ಹಾಡಿನ ಮಾತು ನಮಗೆ ಅರ್ಧ ತಿಳಿಯುವುದಿಲ್ಲ. ಬೆರಳು ಪೂರ್ತಿ ತಿಳಿಯುತ್ತದೆ. ರಜೆಗೆ ಊರಿಗೆ ಬಂದಾಗ ಒಂದು ರಾತ್ರಿ ನಮ್ಮ ಆಯಿಯ ಕಿವಿಗೆ ಇಯರ್‌ಫೋನು ಇಟ್ಟೆವು. ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ ಗಾಯಕ 1927ರಲ್ಲಿ ಮುದ್ರಿಸಿದ ಒಂದು ಹಾಡು ಅದು. ಹಾಡೆಂದರೆ ಅದರಲ್ಲಿ ಮಾತೇ ಇಲ್ಲ. ಬರೀ ನರಳಿಕೆ, ಅದರ ಹಿಂದೆ ಗಿಟಾರಿನ ತಂತಿಯ ಮೇಲೆ ಜಾರುವ ಸಪ್ಪಳ. ಆಯಿ ಕೇಳಿದಳು, ಸುಮ್ಮನಾದಳು. ಆಮೇಲೆ, "ಯಾರ್ ಸತ್ತಾರೋ ತಮ್ಮಾ? ಹಿಂಗ್ಯಾಕ ಅಳ್ಲತ್ತಾನ?" ಅಂದಳು. ಇಂಗ್ಲಿಷಿನ ಒಂದಕ್ಷರ ಬಾರದ ಮುದುಕಿ ಮೂರು ನಿಮಿಷದಲ್ಲಿ ವಿಮರ್ಶೆ ಮುಗಿಸಿದಳು. ಆ ಕುರುಡ 1945ರಲ್ಲಿ ಬಡತನದಲ್ಲೇ ಸತ್ತ. ಅವನ ಆ ನರಳಿಕೆಯನ್ನು 1977ರಲ್ಲಿ ವಾಯೇಜರ್ ನೌಕೆಯ ತಟ್ಟೆಯಲ್ಲಿ ಕೊರೆದು ಆಕಾಶಕ್ಕೆ ಕಳಿಸಿದರು. ಅದೇ ತಟ್ಟೆಯಲ್ಲಿ ಗೋವೆಯ ಕಲಾವಂತ ಮನೆತನದ ಕೇಸರಬಾಯಿ ಕೇರ್ಕರ್ ಅವರ ಹಾಡೂ ಇದೆ. ಭೂಮಿಯ ಮೇಲೆ ಊರ ಹೊರಗಿಟ್ಟವರ ದನಿಗಳನ್ನೇ ಭೂಮಿಯ ಪರವಾಗಿ ಮಾತಾಡಲು ಕಳಿಸಿದಂತಾಯಿತು.

ಈ ಸಂಗೀತ ಹುಟ್ಟಿದ್ದು ಅಂಗಡಿಯಿಂದ ತಂದ ವಾದ್ಯದಿಂದಲ್ಲ. ಮಿಸಿಸಿಪ್ಪಿಯ ಕೂಲಿಗಳ ಮಕ್ಕಳು ಕಸಬರಿಗೆ ಕಟ್ಟಿದ ತಂತಿ ಬಿಚ್ಚಿ, ಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ಆ ತಂತಿ ಬಿಗಿದು ಮೀಟುತ್ತಿದ್ದರು. ತಂತಿಯ ಮೇಲೆ ಸೀಸೆ ಜಾರಿಸಿದರೆ ದನಿ ಏರುತ್ತದೆ, ಇಳಿಯುತ್ತದೆ. ಅದಕ್ಕೆ ಡಿಡ್ಲಿ ಬೋ ಎಂದು ಹೆಸರು. ಮುಂದೆ ಗಿಟಾರು ಕೈಗೆ ಬಂದಾಗಲೂ ಆ ಜಾರಿಕೆ ಬಿಡಲಿಲ್ಲ. ಸೀಸೆಯ ಕುತ್ತಿಗೆ ಒಡೆದು ಬೆರಳಿಗೆ ಹಾಕಿಕೊಂಡರು, ಇಲ್ಲವೇ ಚಾಕು ಹಿಡಿದರು. ಅದೇ ಸ್ಲೈಡ್ ಗಿಟಾರು.

ಜಿಮಿ ಹೆಂಡ್ರಿಕ್ಸ್‌ನ ಮೊದಲ ಗಿಟಾರು ಕಸಬರಿಗೆ. 1942ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಹುಡುಗ, ಮನೆಯಲ್ಲಿ ರೊಕ್ಕವಿಲ್ಲ, ಕಸಬರಿಗೆಯನ್ನೇ ಎದೆಗೆ ಒತ್ತಿಕೊಂಡು ನುಡಿಸುವಂತೆ ಆಡುತ್ತಿದ್ದ. ಆಮೇಲೆ ಅಪ್ಪನ ಸಂಗಡ ಯಾರದೋ ಮನೆಯ ಕಸ ತೆಗೆಯಲು ಹೋದಾಗ ಒಂದೇ ತಂತಿಯ ಪುಟ್ಟ ಉಕುಲೇಲೆ ಸಿಕ್ಕಿತು. ಕಸಬರಿಗೆ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಈ ದೇಶ ಅದನ್ನು ನಮ್ಮ ಅವ್ವಂದಿರ ಕೈಗೆ ಕೊಟ್ಟು, ಇದೇ ನಿಮ್ಮ ಜಾತಕ ಅಂದಿತು. ಅದೇ ಕಸಬರಿಗೆಯನ್ನು ಒಬ್ಬ ಹುಡುಗ ವಾದ್ಯ ಎಂದು ತಿಳಿದುಕೊಂಡ ಎಂಬುದು ನಮಗೆ ಸಣ್ಣ ಸುದ್ದಿಯಲ್ಲ.

ಒಂದೇ ತಂತಿಯ ಬಡತನ ನಮಗೂ ಗೊತ್ತು. ತತ್ವಪದದವರ ಏಕತಾರಿ, ಗೊಂದಲಿಗರ ತುಂತುಣಿ, ಎಲ್ಲಮ್ಮನ ಜೋಗತಿಯರ ಚೌಡಿಕೆ. ಚೌಡಿಕೆ ಎಂದರೆ ಕಟ್ಟಿಗೆಯ ಪೊಳ್ಳು ಕೊಳಗ, ಒಂದು ಬಾಯಿಗೆ ತೊಗಲು, ತೊಗಲಿನ ನಡುವಿನಿಂದ ಹೊರಟು ಕೋಲಿಗೆ ಬಿಗಿದ ತಂತಿ. ಕಂಕುಳಲ್ಲಿ ಇಟ್ಟು ಮೀಟಿದರೆ ತೊಗಲೂ ತಂತಿಯೂ ಕೂಡಿಯೇ ಮಾತಾಡುತ್ತವೆ. ಆದರೆ ಅದರ ಹಾಡಿನ ಹಿಂದೆ ಮುತ್ತು ಕಟ್ಟುವ ಕ್ರೌರ್ಯವೂ ಇತ್ತು. 1982ರಲ್ಲಿ ಕರ್ನಾಟಕ ಅದಕ್ಕೆ ಕಾಯ್ದೆ ತಂದು ನಿಷೇಧ ಹಾಕಬೇಕಾಯಿತು. ವಾದ್ಯವನ್ನು ಹೊಗಳುವಾಗ ಈ ಮಾತು ಮರೆಯುವವರು ನಮ್ಮ ಪಾಲಿಗೆ ರಸಿಕರಲ್ಲ, ಗಿರಾಕಿಗಳು.

ರಾಬರ್ಟ್ ಜಾನ್ಸನ್‌ನ ಕಥೆ ಕೇಳಿ. ಹುಟ್ಟಿದ್ದು 1911, ಸತ್ತದ್ದು 1938. 1936 ಮತ್ತು 37ರಲ್ಲಿ ಮುದ್ರಿಸಿದ್ದು 29 ಹಾಡು. ಅವನ ಹಾಡು ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನಿಸುತ್ತದೆ. ಹೆಬ್ಬೆರಳು ಕೆಳದನಿಯ ತಂತಿಗಳ ಮೇಲೆ ಎತ್ತಿನ ಹಾಗೆ ಒಂದೇ ನಡೆಯಲ್ಲಿ ಹೋಗುತ್ತಿರುತ್ತದೆ. ಉಳಿದ ಬೆರಳು ಮೇಲಿನ ತಂತಿಯಲ್ಲಿ ಬೇರೆಯೇ ಮಾತು ಆಡುತ್ತಿರುತ್ತವೆ. ಮೊದಲು ಅವನಿಗೆ ನುಡಿಸಲು ಬರುತ್ತಿರಲಿಲ್ಲವಂತೆ, ಹಿರಿಯರು ನಗುತ್ತಿದ್ದರಂತೆ. ಊರು ಬಿಟ್ಟು ಹೋದ, ತಿರುಗಿ ಬಂದಾಗ ಎಲ್ಲರೂ ಬಾಯಿ ತೆರೆದರು. ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ತಂದ ಎಂದು ಕಥೆ ಕಟ್ಟಿದರು. ಖರೆ ಏನೆಂದರೆ, ಐಕ್ ಝಿಮರ್‌ಮನ್ ಎಂಬ ಇನ್ನೊಬ್ಬ ಕಪ್ಪು ಮನುಷ್ಯನ ಹತ್ತಿರ ಅವನು ಕಲಿತ. ರಾತ್ರಿ ಸ್ಮಶಾನದಲ್ಲಿ ಕೂತು ಇಬ್ಬರೂ ಅಭ್ಯಾಸ ಮಾಡುತ್ತಿದ್ದರೆಂದು ಝಿಮರ್‌ಮನ್ ಮನೆಯವರು ಹೇಳಿದ್ದಾರೆ.

ಸೈತಾನನ ಕಥೆಯನ್ನು ರೆಕಾರ್ಡು ಮಾರುವವರು ಬಹಳ ಪ್ರೀತಿಯಿಂದ ಸಾಕಿದರು. ಗುರುವಿನ ಹೆಸರು ಮಾರಾಟಕ್ಕೆ ಬರುವುದಿಲ್ಲ, ಸೈತಾನ ಬರುತ್ತಾನೆ. ಕೆಳಗಿನವನ ಕೈಯಲ್ಲಿ ವಿದ್ಯೆ ಕಂಡರೆ ಮೇಲಿನವರ ಮೊದಲ ಪ್ರಶ್ನೆ, ಇವನಿಗೆ ಎಲ್ಲಿಂದ ಬಂತು? ನಮ್ಮ ಕಡೆ ಏಕಲವ್ಯನಿಗೂ ಅದೇ ಪ್ರಶ್ನೆ ಕೇಳಿದರು. ಅಲ್ಲಿ ಸೈತಾನನಿಗೆ ಜಮಾ ಮಾಡಿದರು, ಇಲ್ಲಿ ಹೆಬ್ಬೆರಳನ್ನೇ ಕತ್ತರಿಸಿಕೊಂಡರು.

ಅದಕ್ಕೇ ನಾವು ಗಿಟಾರಿನವರ ಹೆಬ್ಬೆರಳು ನೋಡುತ್ತೇವೆ. ಆಲ್ಬರ್ಟ್ ಕಿಂಗ್ ಎಡಗೈಯವನು, ಬುಲ್‌ಡೋಜರ್ ಓಡಿಸಿ ಹೊಟ್ಟೆ ಹೊರೆದವನು. ಬಲಗೈಯವರ ಗಿಟಾರನ್ನೇ ತಿರುವಿ ಹಿಡಿದು ಹೆಬ್ಬೆರಳಿನಿಂದ ಮೀಟುತ್ತಿದ್ದ. ಎಲ್ಲರೂ ತಂತಿಯನ್ನು ಮೇಲಕ್ಕೆ ತಳ್ಳಿದರೆ ಅವನು ಕೆಳಕ್ಕೆ ಎಳೆಯುತ್ತಿದ್ದ. ಹಗ್ಗ ಜಗ್ಗುವವನ ಬಲ ಆ ದನಿಯಲ್ಲಿದೆ. ಹೆಂಡ್ರಿಕ್ಸ್‌ ಕೂಡ ಎಡಗೈಯವನೇ. ಅವನ ಉದ್ದ ಹೆಬ್ಬೆರಳು ಗಿಟಾರಿನ ಕುತ್ತಿಗೆಯ ಮೇಲಿಂದ ಬಂದು ಕೆಳದನಿಯ ತಂತಿ ಒತ್ತುತ್ತಿತ್ತು. ಉಳಿದ ನಾಲ್ಕು ಬೆರಳಿಗೆ ಬಿಡುವು ಸಿಗುತ್ತಿತ್ತು. ನೆಟ್ಟಗೆ ಕಲಿಸುವ ಶಾಲೆಗಳಲ್ಲಿ ಹೀಗೆ ಹಿಡಿದರೆ ಏಟು ಬೀಳುತ್ತದೆ.

ಬಿ.ಬಿ. ಕಿಂಗ್ ನಮಗೆ ಎಲ್ಲರಿಗಿಂತ ಹತ್ತಿರ. 1925ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ ಜಮೀನ್ದಾರರ ಹೊಲದಲ್ಲಿ ಹತ್ತಿ ಬಿಡಿಸಿದವನು. ಚರ್ಚಿನಲ್ಲಿ ಪಾದ್ರಿಯೊಬ್ಬ ಗಿಟಾರು ನುಡಿಸುವುದನ್ನು ನೋಡಿ ಮರುಳಾದವನು. ಸಂಬಂಧಿಕ ಬುಕ್ಕಾ ವೈಟ್ ಸೀಸೆ ಜಾರಿಸಿ ನುಡಿಸುತ್ತಿದ್ದ. ಇವನಿಗೆ ಆ ಕೆಲಸ ಕೈಗೆ ಹತ್ತಲಿಲ್ಲ. ಹಾಗಾಗಿ ಬರೀ ಬೆರಳಿನಿಂದಲೇ ಆ ನಡುಕ ತರಲು ಹೊರಟ. ತಂತಿಯನ್ನು ಒಂದು ಬೆರಳಿನಿಂದ ಒತ್ತಿ, ಮಣಿಕಟ್ಟಿನಿಂದ ಕೈ ಅಲುಗಿಸುತ್ತಾನೆ. ಕೈ ಚಿಟ್ಟೆಯ ರೆಕ್ಕೆಯ ಹಾಗೆ ಬಡಿಯುತ್ತದೆ. ಹಾಡುವಾಗ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಒಂದು ಸಾಲು ತಾನು ಹೇಳುತ್ತಾನೆ, ಮರುಸಾಲು ಗಿಟಾರು ಹೇಳುತ್ತದೆ. ನಮ್ಮ ಭಜನೆಯಲ್ಲಿ ಒಬ್ಬ ಹೇಳಿ ಉಳಿದವರು ಹಿಂದೆ ಹಾಡುವುದಿಲ್ಲವೇ, ಹಾಗೆ. ಆ ಗಿಟಾರಿಗೆ ಲುಸಿಲ್ ಎಂದು ಹೆಸರು. 1949ರಲ್ಲಿ ಅರ್ಕಾನ್ಸಾದ ಒಂದು ಹಳ್ಳಿಯ ಕುಣಿತದ ಮನೆಯಲ್ಲಿ ಇಬ್ಬರು ಹೊಡೆದಾಡಿ, ಸೀಮೆಎಣ್ಣೆಯ ಒಲೆ ಉರುಳಿ ಬೆಂಕಿ ಹತ್ತಿತು. ಹೊರಗೆ ಓಡಿ ಬಂದವನು ಗಿಟಾರಿಗಾಗಿ ಮತ್ತೆ ಬೆಂಕಿಯೊಳಗೆ ಹೋದ. ಅವರಿಬ್ಬರು ಜಗಳಾಡಿದ ಹೆಣ್ಣಿನ ಹೆಸರು ಲುಸಿಲ್. ಇನ್ನು ಇಂಥ ಹುಚ್ಚುತನ ಮಾಡಬಾರದು ಎಂದು ನೆನಪಿಗೆ ಆ ಹೆಸರಿಟ್ಟ. 2015ರಲ್ಲಿ ಸತ್ತ.

ಇಲ್ಲಿ ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಗಿಟಾರಿನ ಕುತ್ತಿಗೆಯ ಮೇಲೆ ಲೋಹದ ಅಡ್ಡಪಟ್ಟಿಗಳಿರುತ್ತವೆ. ಒಂದೊಂದು ಪಟ್ಟಿಗೆ ಒಂದೊಂದು ಸ್ವರ ಗೊತ್ತು ಮಾಡಿಟ್ಟಿದ್ದಾರೆ. ಆ ಪಟ್ಟಿಗಳ ಲೆಕ್ಕ ಯುರೋಪಿನದು. ಕಪ್ಪು ಜನರ ಹಾಡಿನ ಸ್ವರಗಳು ಆ ಲೆಕ್ಕದೊಳಗೆ ಕೂಡುವುದಿಲ್ಲ. ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ಇರುತ್ತವೆ. ಆಗ ಏನು ಮಾಡುವುದು? ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು. ಬಿಗಿ ಹೆಚ್ಚುತ್ತದೆ, ದನಿ ಏರುತ್ತದೆ, ಗೊತ್ತು ಮಾಡಿಟ್ಟ ಮನೆ ಬಿಟ್ಟು ಸ್ವರ ಸಂದಿಗೆ ಬರುತ್ತದೆ. ನಮ್ಮ ಹಾಡುಗಾರರು ಗಮಕ, ಮೀಂಡ ಎನ್ನುವುದು ಇದಕ್ಕೆ ದಾಯಾದಿ. ಯಾರೋ ಹಾಕಿಕೊಟ್ಟ ಗೆರೆಗಳ ನಡುವೆ ತಮ್ಮ ದನಿಗೆ ಜಾಗವಿಲ್ಲ ಎಂದು ಕಂಡಾಗ ಆ ಜನ ತಂತಿಯನ್ನೇ ಬಾಗಿಸಿದರು.

ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. 1941ರಲ್ಲಿ ಅಲನ್ ಲೊಮ್ಯಾಕ್ಸ್ ಎಂಬವನು ಸರಕಾರದ ಗ್ರಂಥಾಲಯದ ಪರವಾಗಿ ಬಂದು ಅವನ ಹಾಡು ಮುದ್ರಿಸಿದ. ತನ್ನ ದನಿಯನ್ನು ತಾನೇ ಕೇಳಿದ ಮೇಲೆ ಮಡ್ಡಿ ಹೊಲದಲ್ಲಿ ನಿಲ್ಲಲಿಲ್ಲ. 1943ರಲ್ಲಿ ರೈಲು ಹತ್ತಿ ಶಿಕಾಗೋ ಸೇರಿದ. 1910ರಿಂದ 1970ರೊಳಗೆ ಹೀಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಹೊಲ ಬಿಟ್ಟು ಬೇರೆ ಕಡೆಯ ನಗರಗಳಿಗೆ ಹೋದರು. ನಮ್ಮ ಊರುಗಳಿಂದ ಹೈದರಾಬಾದ್, ಪುಣೆ, ಮುಂಬಯಿಗೆ ಗಂಟು ಕಟ್ಟಿಕೊಂಡು ಹೋಗುವವರನ್ನು ನೋಡಿದ ನಮಗೆ ಆ ರೈಲು ಹೊಸದಲ್ಲ. ಶಿಕಾಗೋದ ಗದ್ದಲದ ಹೆಂಡದಂಗಡಿಗಳಲ್ಲಿ ಕಟ್ಟಿಗೆಯ ಗಿಟಾರು ಕೇಳಿಸಲಿಲ್ಲ. ಕರೆಂಟಿನ ಗಿಟಾರು ಹಿಡಿದ. ಹೊಲದ ಸ್ಲೈಡು ಹಾಗೇ ಉಳಿಯಿತು, ದನಿ ಮಾತ್ರ ಕಾರಖಾನೆಯಷ್ಟು ದೊಡ್ಡದಾಯಿತು. ರಾಕ್ ಸಂಗೀತದ ಬೇರು ಅಲ್ಲಿದೆ. ಇದರೊಳಗೆ ಇನ್ನೊಂದು ಸಂಗತಿ. ಲೊಮ್ಯಾಕ್ಸ್‌ನ ಸಂಗಡ ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಎಂಬ ಕಪ್ಪು ವಿದ್ವಾಂಸನೂ ಹೋಗಿದ್ದ, ಹಾಡು ಬರೆದುಕೊಂಡಿದ್ದ. ಲೊಮ್ಯಾಕ್ಸ್‌ಗೆ ಹೆಸರು ಬಂತು. ವರ್ಕ್ ಬರೆದದ್ದು ಪುಸ್ತಕವಾಗಿ ಬಂದದ್ದು 2005ರಲ್ಲಿ.

ಹೆಣ್ಣುಮಕ್ಕಳ ಬೆರಳು ಇನ್ನೂ ಹಿಂದೆ ಬಿದ್ದವು. ಎಲಿಜಬೆತ್ ಕಾಟನ್ ಎಡಗೈಯಾಕೆ. ಅಣ್ಣನ ವಾದ್ಯವನ್ನು ಕದ್ದುಮುಚ್ಚಿ ತಿರುವಿ ಹಿಡಿದು ಕಲಿತಳು. ಹಾಗಾಗಿ ಅವಳಲ್ಲಿ ಹೆಬ್ಬೆರಳು ಹಾಡು ಹೇಳುತ್ತದೆ, ಉಳಿದ ಬೆರಳು ತಾಳದ ಕೆಲಸ ಮಾಡುತ್ತವೆ, ಎಲ್ಲರದಕ್ಕೆ ತದ್ವಿರುದ್ಧ. ಹುಡುಗಿಯಿದ್ದಾಗಲೇ ರೈಲಿನ ಮೇಲೆ ಹಾಡು ಕಟ್ಟಿದವಳು, ಆಮೇಲೆ ವರ್ಷಾನುಗಟ್ಟಲೆ ಗಿಟಾರು ಮುಟ್ಟಲಿಲ್ಲ. ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕಸಮುಸುರೆಗೆ ಸೇರಿದಾಗ ಗೋಡೆಗೆ ತೂಗುಹಾಕಿದ್ದ ಗಿಟಾರು ಮತ್ತೆ ಕೈಗೆ ಬಂತು. ಮೊದಲ ರೆಕಾರ್ಡು ಬಂದಾಗ ಅರವತ್ತು ದಾಟಿತ್ತು. ತೊಂಬತ್ತರ ಹತ್ತಿರ ಗ್ರ್ಯಾಮಿ ಪ್ರಶಸ್ತಿ ಬಂತು. ಸಿಸ್ಟರ್ ರೊಸೆಟ್ಟಾ ಥಾರ್ಪ್ ದೇವರ ಹಾಡಿಗೆ ಕರೆಂಟಿನ ಗಿಟಾರು ಹಚ್ಚಿದಾಕೆ. 1964ರಲ್ಲಿ ಮ್ಯಾಂಚೆಸ್ಟರಿನ ಹಾಳುಬಿದ್ದ ರೈಲು ನಿಲ್ದಾಣದಲ್ಲಿ, ಮಳೆ ಬಂದ ದಿನ, ಕೋಟು ತೊಟ್ಟು ನಿಂತು ನುಡಿಸಿದ ಚಿತ್ರ ಇದೆ. ನೋಡಬೇಕು. 1973ರಲ್ಲಿ ಸತ್ತಾಗ ಆಕೆಯ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಬಿಳಿಯರ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಹುಡುಗರು ಈ ರೆಕಾರ್ಡುಗಳನ್ನು ಕೇಳಿ ಕಲಿತರು, ಕಲಿತು ಕೋಟ್ಯಧಿಪತಿಗಳಾದರು. ಕೆಲವರು ಋಣ ಒಪ್ಪಿಕೊಂಡರು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನವರು ಅಮೆರಿಕದ ಟೀವಿಗೆ ಬಂದಾಗ ಹೌಲಿನ್ ವುಲ್ಫ್‌ನನ್ನೂ ಕರೆಸಬೇಕೆಂದು ಹಟ ಹಿಡಿದು, ಅವನು ಹಾಡುವಾಗ ಕಾಲಬುಡದಲ್ಲಿ ಕೂತರು. ಕೆಲವರು ಒಪ್ಪಲಿಲ್ಲ. ವಿಲ್ಲಿ ಡಿಕ್ಸನ್ ತನ್ನ ಹಾಡಿನ ಹಕ್ಕಿಗೆ 1985ರಲ್ಲಿ ಲೆಡ್ ಝೆಪೆಲಿನ್ ಮೇಲೆ ಕೋರ್ಟಿಗೆ ಹೋಗಬೇಕಾಯಿತು, 1987ರಲ್ಲಿ ರಾಜಿಯಾಯಿತು. ಎರಿಕ್ ಕ್ಲ್ಯಾಪ್ಟನ್‌ನ ಬೆರಳು ಖರೆಯೇ ಛಲೋ. ರಾಬರ್ಟ್ ಜಾನ್ಸನ್‌ನ ನಾಲ್ಕು ದಾರಿಯ ಹಾಡನ್ನು 1968ರಲ್ಲಿ ಅವನು ನುಡಿಸಿದ್ದನ್ನು ಕೇಳಿದರೆ ಕೂತಲ್ಲಿ ಕೂಡಲಾಗುವುದಿಲ್ಲ. ಅದೇ ಮನುಷ್ಯ 1976ರಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಲ್ಲಿ ಕುಡಿದು ನಿಂತು, ಕಪ್ಪು ಜನರನ್ನೂ ಹೊರಗಿಂದ ಬಂದವರನ್ನೂ ಓಡಿಸಬೇಕೆಂದು ಬಾಯಿಗೆ ಬಂದಂತೆ ಅಂದ. ಅದಕ್ಕೆ ಎದುರಾಗಿ ಜನಾಂಗದ್ವೇಷದ ವಿರುದ್ಧ ರಾಕ್ ಎಂಬ ಚಳವಳಿಯೇ ಎದ್ದಿತು. ಯಾರ ಬಟ್ಟಲಲ್ಲಿ ಉಂಡನೋ ಅವರನ್ನೇ ಪಂಕ್ತಿಯಿಂದ ಎಬ್ಬಿಸುವ ಬುದ್ಧಿ ನಮಗೆ ಇಲ್ಲಿಯದೇ ಅನಿಸಿತು.

ಅದೇ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಬಿಳಿಯನೇ, ಆದರೆ ಕಾರಖಾನೆಯ ಹುಡುಗ. ಹದಿನೇಳನೆಯ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನವೇ, ತಗಡಿನ ಯಂತ್ರಕ್ಕೆ ಬಲಗೈಯ ಎರಡು ಬೆರಳಿನ ತುದಿ ಹೋದವು. ಅವನು ಎಡಗೈಯವನು, ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಸೀಸೆ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಜಾರದಂತೆ ಅದರ ಮೇಲೆ ಹಳೆಯ ಕೋಟಿನ ತೊಗಲು ಅಂಟಿಸಿದ. ನೋವು ತಡೆಯಲು ತೆಳುವಾದ ತಂತಿ ಹಾಕಿ, ಅದನ್ನೂ ಸಡಿಲ ಮಾಡಿದ. ಸಡಿಲಾದ ತಂತಿಯ ದನಿ ಭಾರವಾಯಿತು. ಹೆವಿ ಮೆಟಲ್ ಎಂದು ಲೋಕ ಕುಣಿಯುವ ಸಂಗೀತದ ಗುಟ್ಟು ಒಬ್ಬ ಕೂಲಿಯ ಗಾಯ ಮತ್ತು ಒಂದು ತುಂಡು ತೊಗಲು. ತೊಗಲಿನ ಬೆಲೆ ಹರಳಯ್ಯನ ಕಲ್ಯಾಣದವರಿಗೆ ಬೇರೆ ಹೇಳಬೇಕಿಲ್ಲ. ಮನುಷ್ಯನ ಮೈಯನ್ನೇ ತಂತಿವಾದ್ಯವಾಗಿ ಕಂಡ ಬಸವಣ್ಣನ ಕಲ್ಯಾಣವೂ ಇದೇ ಅಲ್ಲವೇ.

ಈಗ ನಮ್ಮ ಹಲಗೆಯ ಮಾತು. ನಮ್ಮ ಮುತ್ಯಾನ ಕಾಲದಲ್ಲಿ ಹಲಗೆ ಬಾರಿಸುವುದು ಬಿಟ್ಟಿ. ಊರಲ್ಲಿ ಯಾರು ಸತ್ತರೂ, ಯಾವ ದೇವರು ಹೊರಟರೂ ಹೋಗಲೇಬೇಕು. ಕೊಡುವುದು ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಮೇಲಿಂದ ಎಸೆದ ರೊಟ್ಟಿ. ಚಳವಳಿ ಬಂದ ಮೇಲೆ ನಮ್ಮ ಅಪ್ಪಂದಿರು ಹಲಗೆ ಕೆಳಗಿಟ್ಟರು. ಅದು ಸರಿಯಾದ ಕೆಲಸ, ಅದರಲ್ಲಿ ಎರಡನೆಯ ಮಾತಿಲ್ಲ. ಕಪ್ಪು ಜನರಲ್ಲೂ ಹೀಗೇ ಆಯಿತು. 60ರ ದಶಕದ ಅವರ ಎಷ್ಟೋ ಹುಡುಗರಿಗೆ ಬ್ಲೂಸ್ ಎಂದರೆ ಹತ್ತಿ ಹೊಲದ ನಾಚಿಕೆ. ಬಿ.ಬಿ. ಕಿಂಗ್‌ನಂಥವನನ್ನೂ ಅವರು ಕೂಗಿ ಅಣಕಿಸಿದ್ದುಂಟು. ಅದು ತನಗೆ ಬಹಳ ನೋವು ಕೊಟ್ಟಿತೆಂದು ಅವನು ಹೇಳಿಕೊಂಡಿದ್ದಾನೆ.

ಆದರೆ ಕೆಳಗಿಟ್ಟದ್ದು ಏನನ್ನು? ಬಿಟ್ಟಿಯನ್ನು. ಕೈಯನ್ನಲ್ಲ. ಹಳಬರು ಹೇಳುತ್ತಾರೆ, ದೂರದ ಊರಿನಿಂದ ಹಲಗೆಯ ಸಪ್ಪಳ ಬಂದರೆ ಅದು ಯಾರ ಕೈ ಎಂದು ಹೊಲದಲ್ಲಿ ನಿಂತೇ ಗುರುತು ಹಿಡಿಯುತ್ತಿದ್ದರಂತೆ. ಒಬ್ಬನದು ಬಲಗೋಲು ಭಾರ, ಇನ್ನೊಬ್ಬನದು ಎಡಗೈಯ ಸಣ್ಣ ಕಡ್ಡಿ ಮಳೆಹನಿಯಂತೆ. ತೊಗಲನ್ನು ಬೆಂಕಿಗೆ ಎಷ್ಟು ಕಾಯಿಸಬೇಕೆಂಬುದರಲ್ಲೂ ಒಬ್ಬೊಬ್ಬರದು ಒಂದೊಂದು ಹದ. 1967ರಲ್ಲಿ ಮಾಂಟೆರೆಯಲ್ಲಿ ಹೆಂಡ್ರಿಕ್ಸ್‌ ಗಿಟಾರಿಗೆ ಬೆಂಕಿ ಹಚ್ಚಿದ್ದನ್ನು ಲೋಕವೇ ಬರೆಯಿತು. ದನಿ ಬರಲೆಂದು ದಿನಾ ಹಲಗೆಗೆ ಬೆಂಕಿ ತೋರಿಸಿದವರ ಬಗ್ಗೆ ಒಂದು ಸಾಲೂ ಇಲ್ಲ.

ಜಾತಿ ಮಾಡುವ ಮೊದಲ ಕೆಲಸ ಹೆಸರು ಕಸಿಯುವುದು. ಕೇರಿಯ ನೂರು ಜನಕ್ಕೂ ಒಂದೇ ಹೆಸರು, ಅದೂ ಬೈಗುಳದ ಹೆಸರು. ಈ ಗಿಟಾರಿನವರು ನಮಗೆ ಯಾಕೆ ದೊಡ್ಡವರೆಂದರೆ, ಒಂದೇ ಸ್ವರದಲ್ಲಿ ಇವನು ಇಂಥವನು ಎಂದು ಹೇಳಿಸಿಕೊಂಡರು. ಬಿ.ಬಿ. ಕಿಂಗ್‌ನ ನಡುಕ ಆಲ್ಬರ್ಟ್ ಕಿಂಗ್‌ನದಲ್ಲ. ಕಾಟನ್‌ಳ ಹೆಬ್ಬೆರಳು ಜಾನ್ಸನ್‌ನದಲ್ಲ. ಒಟ್ಟಿಗೆ ಗುಲಾಮರು ಎಂದು ಎಣಿಸಿದವರ ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತರು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್‌ನಲ್ಲಿ ಹೆಂಡ್ರಿಕ್ಸ್‌ ತನ್ನ ದೇಶದ ರಾಷ್ಟ್ರಗೀತೆ ನುಡಿಸಿದ. ಸ್ಪೀಕರಿನ ದನಿಯೇ ತಿರುಗಿ ತಂತಿಯನ್ನು ಅಲುಗಿಸಿ ಚೀರುವಂತೆ ಮಾಡಿ, ನಡುನಡುವೆ ವಿಯೆಟ್ನಾಮಿನ ಬಾಂಬು ಬೀಳಿಸಿದ. ಒಂದು ಮಾತೂ ಆಡಲಿಲ್ಲ. ಅದು ಬಂಡಾಯ ಕಾವ್ಯವಲ್ಲದೆ ಮತ್ತೇನು?

ನಮ್ಮಲ್ಲೂ ಗಾಳಿ ತಿರುಗುತ್ತಿದೆ. 2018ರಲ್ಲಿ ಚೆನ್ನೈಯಲ್ಲಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್‌ನ ಹುಡುಗರು ಪರೈಯ ಪಕ್ಕ ಗಿಟಾರು ನಿಲ್ಲಿಸಿ ಜಾತಿಯ ವಿರುದ್ಧ ಹಾಡಿದರು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಒಂದು ಕೈಗೆ ಹೆಸರು ಸಿಕ್ಕಿತು. ಉಳಿದ ಸಾವಿರ ಕೈ?

ವಾದ್ಯದಂಗಡಿಯೊಂದರಲ್ಲಿ ನಾವು ಗಿಟಾರಿನ ಬೆಲೆ ಕೇಳಿದಾಗ, ನಮ್ಮ ಊರು, ಕೇರಿ ವಿಚಾರಿಸಿಕೊಂಡ ಮಾಲಕ, "ನಿಮ್ಮ ಮಂದಿಗೆ ಹಲಗಿ ಇರ್ತದಲ್ಲ, ಇದ್ಯಾಕ ಬೇಕು?" ಅಂದ. ನಮಗೆ ಎರಡೂ ಬೇಕು. ಗಿಟಾರು ನಮ್ಮದು, ಯಾಕೆಂದರೆ ಅದನ್ನು ಬಾಗಿಸಿದವರು ನಮ್ಮಂಥವರು. ಹಲಗೆ ನಮ್ಮದು, ಆದರೆ ಯಾರ ಹೆಣದ ಮುಂದೆಯೂ ಹುಕುಮಿಗೆ ಅಲ್ಲ. ಯಾವಾಗ ಎತ್ತಬೇಕು, ಯಾರ ಮುಂದೆ ಎತ್ತಬೇಕು ಎಂಬುದನ್ನು ನಾವು ಹೇಳುತ್ತೇವೆ.

ಗೆಳೆಯರೆ, ಮೇಷ್ಟ್ರೆ, ಒಂದು ಕೆಲಸ ಮಾಡಿ. ನಿಮ್ಮ ಊರಿನ ಕೇರಿಯಲ್ಲಿ ಕೂತ ಮುದುಕರಲ್ಲಿ ಹಲಗೆ, ಚೌಡಿಕೆ, ಏಕತಾರಿ ನುಡಿಸಿದ ಕೈ ಯಾವುದಿದೆ ಕೇಳಿ. ಮೊಬೈಲು ಎಲ್ಲರ ಕಿಸೆಯಲ್ಲೂ ಇದೆ, ಮುದ್ರಿಸಿಕೊಳ್ಳಿ. ಕೋಲು ಹೇಗೆ ಹಿಡಿಯುತ್ತಾರೆ, ಯಾವ ಬೆರಳಿನಿಂದ ಮೀಟುತ್ತಾರೆ, ಯಾರಿಂದ ಕಲಿತರು, ಮಕ್ಕಳ ಕೈಯಲ್ಲಿ ಬರ ಹಚ್ಚಿ. ಬರೆಯುವಾಗ 'ಒಬ್ಬ ಜಾನಪದ ಕಲಾವಿದ' ಎಂದು ಬರೆಯಬೇಡಿ. ಅವರ ಹೆಸರು, ಅವರ ಅವ್ವನ ಹೆಸರು, ಗುರುವಿನ ಹೆಸರು ಬರೆಯಿರಿ. ಜಾನ್ ವರ್ಕ್‌ನ ಕಾಗದ ಕಾದ ಹಾಗೆ ಅರವತ್ತು ವರ್ಷ ಕಾಯುವ ಪುರಸೊತ್ತು ಆ ಮುದುಕರಿಗಿಲ್ಲ.